ಹದಿನಾಲ್ಕನೇ ಬ್ಲಾಕಿಗೆ ಹಸಿರು ಬಳಿದವರು

"ಈ ಹಸಿರು ಅಂದ್ರೆ ಏನರ್ಥ, ಅನೂಪ್?"

ಇನ್ಸ್‌ಪೆಕ್ಟರ್ ವಿಮಲ ನಕ್ಷೆಯ ಮೇಲೆ ಬೆರಳೂರಿ ಕೇಳಿದಳು. ಬೆಳಗಿನ ಕೆಸರು ಇನ್ನೂ ಅವಳ ಉಗುರಿನ ಸಂದಿಯಲ್ಲಿತ್ತು. ಹೊಳಪು ಕಾಗದದ ಮೇಲೆ ಕಂದು ಕಲೆಯೊಂದು ಮೂಡಿತು. ಅನೂಪನ ಕಣ್ಣು ಅವಳು ತೋರಿಸಿದ ಜಾಗಕ್ಕೆ ಹೋಗಲಿಲ್ಲ, ಆ ಕಲೆಗೆ ಹೋಯಿತು.

ಒಬ್ಬ ಮನುಷ್ಯ ಸತ್ತ ವಿಷಯ ಮಾತಾಡುವಾಗ ಕಾಗದ ಕೊಳೆಯಾಯಿತೆಂದು ಮುಖ ಕಿವಿಚುವವನು. ವಿಮಲಳಿಗೆ ಅವನ ಅಳತೆ ಅಷ್ಟಕ್ಕೇ ಸಿಕ್ಕಿಬಿಟ್ಟಿತು.

"ಹಸಿರು ಅಂದ್ರೆ ಗಾಳಿಗೆ ಮರ ಬೀಳೋ ಅಪಾಯ ಕಡಿಮೆ, ವಿಮಲಕ್ಕ. ಹಳದಿ ಮಧ್ಯಮ. ಕೆಂಪು ಜಾಸ್ತಿ."

"ಇಲ್ಲಿ ನಾನು ಅಕ್ಕ ಅಲ್ಲ. ಹದಿನಾಲ್ಕನೇ ಬ್ಲಾಕು ಯಾವ ಬಣ್ಣ?"

"ಹಸಿರು."

"ಅಲ್ಲಿ ಬಿದ್ದ ತೇಗದ ಮರ ಎಷ್ಟು?"

"ಅರವತ್ತೊಂದು."

"ನೀನು ಕೆಂಪು ಬಳಿದ ಒಂಬತ್ತನೇ ಬ್ಲಾಕಲ್ಲಿ?"

ಅನೂಪ್ ಕನ್ನಡಕ ತೆಗೆದು ಒರೆಸಿದ. "ಮೂರು."

ಮಲಯಾಳ ಸೀಮೆಯ ಚೇಕಾಡಿಯಾಚೆಯ ತೇಗದ ನೆಡುತೋಪಿನಲ್ಲಿ ಕಾವಲುಗಾರ ಶಂಕರನ್ ಬಿದ್ದ ಮರದಡಿ ಹೆಣವಾಗಿ ಸಿಕ್ಕಿ ಹತ್ತು ದಿನವಾಗಿತ್ತು. ಗಾಳಿಯೇ ಕೊಂದಿತು ಎಂಬ ತೋಪಿನ ಒಡೆತನದ ಕಂಪನಿಯ ಮಾತನ್ನು ನಂಬದವರು ಇಬ್ಬರೇ, ಅವನ ಹೆಂಡತಿ ಅಮ್ಮಿಣಿ ಮತ್ತು ವಿಮಲ.

ಕಲ್ಲೂರಿನಲ್ಲಿ ಹೆದ್ದಾರಿಯ ಪಕ್ಕ, ಷಿಬುವಿನ ಗೊಬ್ಬರದಂಗಡಿಯ ಮಹಡಿಯ ಮೇಲೆ ಅನೂಪನ ಕಚೇರಿ. ಕೆಳಗಿನಿಂದ ಬೇವಿನ ಹಿಂಡಿಯ ವಾಸನೆ ಬರುತ್ತಿತ್ತು. ಅದನ್ನು ಮುಚ್ಚಲು ಅನೂಪ್ ಮಲ್ಲಿಗೆಯ ಸ್ಪ್ರೇ ಹೊಡೆದಿದ್ದ. ಈಗ ಎರಡೂ ಬರುತ್ತಿದ್ದವು. ಗೋಡೆಯ ತುಂಬ ಅವನ ಸರ್ಟಿಫಿಕೇಟುಗಳು. ನಡುವೆ, ಕೈಯಲ್ಲಿ ಡ್ರೋನ್ ಹಿಡಿದು ಆಕಾಶ ನೋಡುತ್ತಿರುವ ಅವನದೇ ಫೋಟೋ.

ಇಬ್ಬರ ಮನೆಯವರೂ ಒಂದೇ ಬಸದಿಗೆ ಹೋಗುವವರು. ಅನೂಪ್ ಹೊರರಾಜ್ಯದಲ್ಲಿ ಓದಿ ಬಂದಾಗ ವಿಮಲಳ ತಾಯಿ ವಾರಗಟ್ಟಲೆ ಅವನನ್ನೇ ಹೊಗಳಿದ್ದಳು. ಮೇಲಿನಿಂದಲೇ ಕಾಡು ಓದುತ್ತಾನಂತೆ, ಕಾಲಿಗೆ ಮಣ್ಣು ಹತ್ತುವುದಿಲ್ಲವಂತೆ ಎಂದು.

"ಮೂರಕ್ಕೆ ಕೆಂಪು, ಅರವತ್ತೊಂದಕ್ಕೆ ಹಸಿರು. ಕಂಪನಿ ನಿನ್ನನ್ನು ಇನ್ನೂ ಇಟ್ಟುಕೊಂಡಿದೆ ಅಲ್ವಾ?"

"ಇದು ಜ್ಯೋತಿಷ ಅಲ್ಲ, ಮೇಡಂ." ಅವನ ದನಿ ಬಿಗಿಯಾಯಿತು. "ನಿಮಗೆ ಅರ್ಥ ಆಗೋ ಹಾಗೆ ಹೇಳ್ತೇನೆ. ಡ್ರೋನ್‌ನಿಂದ ಲೇಸರ್ ಬಿಟ್ಟು ಒಂದೊಂದು ಮರದ ಎತ್ತರ ಅಳೀತೇವೆ. ಉಪಗ್ರಹದ ಚಿತ್ರದಿಂದ ತೋಪು ಎಷ್ಟು ದಟ್ಟ, ಇಳಿಜಾರು ಯಾವ ಕಡೆ, ಗಾಳಿ ಯಾವ ಕಡೆಯಿಂದ ನುಗ್ಗುತ್ತೆ ಅಂತ ನೋಡ್ತೇವೆ. ಎಲ್ಲ ಸೇರಿಸಿದ್ರೆ ಬಣ್ಣ ಬರುತ್ತೆ."

"ದಟ್ಟ ಇದ್ರೆ ಒಳ್ಳೇದಾ, ಕೆಟ್ಟದ್ದಾ?"

"ಒಳ್ಳೇದು. ಒಟ್ಟಿಗೆ ನಿಂತ ಮರಗಳು ಗಾಳಿಯನ್ನು ಹಂಚಿಕೊಳ್ತವೆ. ನಡುವಿನ ಮರ ಕಡಿದ್ರೆ ಉಳಿದವು ಒಂಟಿ ಆಗ್ತವೆ. ಸಂದಣಿಯಲ್ಲಿ ಸಪೂರ ಬೆಳೆದ ಮರ ಅದು, ಒಂಟಿ ನಿಂತು ಗೊತ್ತಿಲ್ಲ. ದೊಡ್ಡ ಗಾಳಿ ಬಂದ್ರೆ ಬೀಳುತ್ತೆ. ಆದ್ರೆ ಹದಿನಾಲ್ಕರಲ್ಲಿ ಒಂದು ಮರವನ್ನೂ ಕಡಿದಿಲ್ಲ. ಕಂಪನಿ ದಾಖಲೆ ಇದೆ."

"ನೀನು ಎಷ್ಟು ಸಲ ಆ ಬ್ಲಾಕಿನೊಳಗೆ ನಡೆದಿದ್ದೀಯ?"

"ನಡೆಯೋ ಅಗತ್ಯ ಇಲ್ಲ. ಅದಕ್ಕೇ ಅಲ್ವಾ ಈ ತಂತ್ರಜ್ಞಾನ ಇರೋದು."

ವಿಮಲ ಕುರ್ಚಿ ಎಳೆದುಕೊಂಡು ಕುಳಿತಳು.

ಅವಳು ಅಂದು ಬೆಳಿಗ್ಗೆ ಏಳಕ್ಕೆ ಅಲ್ಲಿ ನಡೆದು ಬಂದಿದ್ದಳು. ಅಮ್ಮಿಣಿ ಮುಂದೆ, ವಿಮಲ ಹಿಂದೆ. ಠಾಣೆಯ ಬರವಣಿಗೆ ಕೆಲಸವನ್ನೂ ಜೀಪನ್ನೂ ನೋಡಿಕೊಳ್ಳುವ ಪೊಲೀಸ್ ವಿಜಯನ್ ಜಿಗಣೆಯ ನೆಪ ಹೇಳಿ ಜೀಪಿನಿಂದ ಇಳಿದಿರಲಿಲ್ಲ.

ದಾರಿಯಂಚಿನ ನಾಲ್ಕು ಸಾಲು ಮರಗಳು ಗೋಡೆಯಂತೆ ನಿಂತಿದ್ದವು. ಜೀಪಿನಲ್ಲಿ ಹೋಗುವ ಮ್ಯಾನೇಜರನಿಗೂ, ವರ್ಷಕ್ಕೊಮ್ಮೆ ಬರುವ ಕಂಪನಿಯ ದೊಡ್ಡವರಿಗೂ ಕಾಣುವುದು ಆ ಗೋಡೆ. ಅದನ್ನು ದಾಟಿದರೆ ಒಳಗೆ ಬಯಲು. ಅಲ್ಲೊಂದು ಇಲ್ಲೊಂದು ಉಳಿದ ಮರಗಳನ್ನು ಗಾಳಿ ಮಲಗಿಸಿತ್ತು. ಅಮ್ಮಿಣಿ ಬಗ್ಗಿ ಒಂದು ಕಡೆ ಒಣಎಲೆ, ಮಣ್ಣು ಸರಿಸಿದಳು. ಕೆಳಗೆ ನೆಲಮಟ್ಟಕ್ಕೆ ಗರಗಸದಿಂದ ಕೊಯ್ದ ಬುಡ. ಪಕ್ಕದಲ್ಲಿ ಇನ್ನೊಂದು. ಅದರಾಚೆ ಮತ್ತೊಂದು.

"ಎಷ್ಟಿವೆ?" ವಿಮಲ ಕೇಳಿದ್ದಳು.

"ನಮ್ಮವ್ರು ಎಣಿಸಿದ್ರು, ಮೇಡಂ. ಇನ್ನೂರ ಹನ್ನೆರಡು. ಮ್ಯಾನೇಜರ್ ಸಾರಿಗೆ ಹೇಳಿದ್ರು. ಸಾರ್ ನಕ್ಕರಂತೆ. ನಿನಗೆ ನೂರರ ಮೇಲೆ ಎಣಿಸಕ್ಕೆ ಬರುತ್ತೇನೋ ಅಂತ."

ಮ್ಯಾನೇಜರ್ ಶ್ರೀಧರನ್ ಪೊಲೀಸರಿಗೆ ಬರೆದುಕೊಟ್ಟ ಕಾಗದದಲ್ಲೂ ಅದೇ ನಗುವಿತ್ತು. ಕಾವಲುಗಾರನು ಪ್ರಾಯಶಃ ಮದ್ಯದ ಅಮಲಿನಲ್ಲಿ ಮರದಡಿ ಮಲಗಿದ್ದು, ಗುರುವಾರ ಸಂಜೆಯ ಬಿರುಗಾಳಿಯಲ್ಲಿ ಸ್ವಂತ ಅಜಾಗರೂಕತೆಯಿಂದ ಮೃತಪಟ್ಟಿರುತ್ತಾನೆ ಎಂದು. ಅಮ್ಮಿಣಿಗೆ ಅದನ್ನು ಓದಿ ಹೇಳಿದಾಗ ಅವಳು "ಕಳ್ಳು ಕಂಡ್ರೆ ಅವ್ರಿಗೆ ವಾಂತಿ ಬರ್ತಿತ್ತು," ಎಂದಷ್ಟೇ ಹೇಳಿದ್ದಳು.

ಶಂಕರನ್ ಸಿಕ್ಕ ಜಾಗ ಬಯಲಿನ ಬಡಗಣ ಅಂಚಿನಲ್ಲಿತ್ತು. ಶನಿವಾರ ಮಧ್ಯಾಹ್ನ ಹೆಣ ಸಿಕ್ಕಿದಾಗ ಪೊಲೀಸರು ಕಾಂಡವನ್ನು ಜಾಕಿಯಿಂದ ಒಂದಡಿ ಎತ್ತಿ, ದೇಹ ಎಳೆದುಕೊಂಡು, ಮರವನ್ನು ಅಲ್ಲೇ ಬಿಟ್ಟಿದ್ದರು. ವಿಮಲ ಆಗ ರಜೆಯಲ್ಲಿದ್ದಳು. ಬಂದು ನೋಡಿದವರಲ್ಲಿ ಒಬ್ಬನಿಗೂ ಸುತ್ತ ಕಣ್ಣು ಹಾಯಿಸುವಷ್ಟು ಪುರುಸೊತ್ತಿರಲಿಲ್ಲ. ಕಾಡಂಚಿನ ಆದಿವಾಸಿ ಹಾಡಿಯ ಕಾವಲುಗಾರನಿಗೆ ಅಷ್ಟೇ ಸಾಕು ಎಂದುಕೊಂಡಿದ್ದರು.

ಕಣ್ಣು ಹಾಯಿಸಿದ್ದರೆ ಕುರುಡನಿಗೂ ಕಾಣುತ್ತಿತ್ತು. ಅರವತ್ತು ಮರಗಳ ತಲೆ ಮೂಡಲಿಗೆ, ಇದೊಂದರ ತಲೆ ಬಡಗಲಿಗೆ. ಗಾಳಿ ಅರವತ್ತು ಮರಗಳನ್ನು ಒಂದು ಕಡೆ ತಳ್ಳಿ, ಶಂಕರನ್‌ಗಾಗಿ ಮಾತ್ರ ತಿರುಗಿ ಬಂತೆ?

"ಅಂದು ಮಳೆ ಯಾವಾಗ ಬಂತು?"

"ಗಾಳಿ ಮೊದ್ಲು ಬಂದದ್ದು. ಮಳೆ ಪಿನ್ನೆ. ಗಾಳಿ ನಿಂತು, ಒಂದು ಪಾತ್ರೆ ನೀರು ಕಾಯೋಷ್ಟು ಹೊತ್ತಾಯ್ತು. ಆಮೇಲೆ ಮಳೆ."

ವಿಮಲ ಮೊಣಕಾಲೂರಿ ಬಿದ್ದ ಮರಗಳ ಅಡಿಗೆ ಕೈ ತೂರಿಸಿ ನೋಡಿದಳು. ಐದು ಮರ, ಆರು ಮರ. ಎಲ್ಲ ಕಡೆ ಕಾಂಡಕ್ಕೆ ಒತ್ತಿಕೊಂಡ ನೆಲದಲ್ಲಿ ಗರಿಗರಿ ಒಣಎಲೆ, ಧೂಳು. ಬೇಸಿಗೆಯ ನೆಲವನ್ನು ಕಾಂಡ ಹಾಗೇ ಮುಚ್ಚಿಟ್ಟಿತ್ತು. ಶಂಕರನ್‌ನನ್ನು ಕೊಂದ ಮರದಡಿ ಮಾತ್ರ ಕೈಗೆ ಹತ್ತಿದ್ದು ಕೆಸರು. ಅಂಚಿನಲ್ಲಿ ಮಳೆಹನಿ ಬಿದ್ದು ಮೂಡಿದ ಕುಳಿಗಳು ಕಾಂಡದ ಭಾರಕ್ಕೆ ಚಪ್ಪಟೆಯಾಗಿದ್ದವು. ಮಳೆ ಬಂದು ನಿಂತ ಮೇಲೆ ಬಿದ್ದ ಮರ ಅದು.

ಅದೇ ಮರದ ಮೇಲಿನ ಮೂರನೆಯ ಸುಳಿವನ್ನು ಅಮ್ಮಿಣಿಯೇ ತೋರಿಸಿದಳು. ಕಾಂಡದ ಮೇಲ್ಭಾಗದಲ್ಲಿ, ಬುಡದಿಂದ ಎರಡಾಳುದ್ದದಲ್ಲಿ, ತೊಗಟೆ ಬಳೆಯಂತೆ ಸುತ್ತಲೂ ಉಜ್ಜಿಹೋಗಿತ್ತು. ಉಕ್ಕಿನ ಹಗ್ಗದ ಗುರುತು. ಬುಡದಲ್ಲಿ ಒಂದು ಮಗ್ಗುಲಿನ ಬೇರುಗಳು ಹರಿದಿರಲಿಲ್ಲ, ಅವನ್ನು ಕೊಡಲಿಯಿಂದ ಕಡಿದು ಮರವನ್ನು ಎಳೆದು ಬೀಳಿಸಿದ್ದರು.

ವಿಮಲ ಫೋನಿನಲ್ಲಿ ನಾಲ್ಕು ಫೋಟೋ ತೆಗೆದಳು. ತೋಪಿನ ಕಚೇರಿಯ ಗುಮಾಸ್ತೆ ರೇಷ್ಮಳಿಗೆ, ಆ ಮರವನ್ನು ಯಾರೂ ಮುಟ್ಟಕೂಡದು, ಮಧ್ಯಾಹ್ನ ವಿಧಿವಿಜ್ಞಾನದವರು ಬರುತ್ತಾರೆ ಎಂದು ಹೇಳಿ ಸೀದಾ ಕಲ್ಲೂರಿಗೆ ಬಂದಿದ್ದಳು.

"ಇನ್ನೂರ ಹನ್ನೆರಡು," ವಿಮಲ ಈಗ ಅನೂಪನಿಗೆ ಹೇಳಿದಳು. "ಅಷ್ಟು ಮರ ಒಳಗಿಂದ ಹೋಗಿವೆ. ನಾನು ಬುಡ ಮುಟ್ಟಿ ಬಂದಿದ್ದೇನೆ. ಒಂದೊಂದು ಮರದ ಎತ್ತರ ಅಳೆಯೋ ನಿನ್ನ ಲೇಸರ್‌ಗೆ ಕಾಣಲಿಲ್ವಾ?"

ಅನೂಪ್ ಬಾಗಿಲ ಕಡೆ ನೋಡಿದ.

"ಜನವರಿ ಕೊನೆಗೆ ಅಳತೆ ಮಾಡಿದ್ದು. ತೇಗ ಎಲೆ ಉದುರಿಸೋ ಕಾಲ. ಎಲೆ ಇಲ್ಲದ ಕೊಂಬೆಗಳ ನಡುವೆ ಲೇಸರ್ ತೂರಿ ಕೆಳಗೆ ಹೋಗ್ತದೆ. ಮರ ಇದ್ರೂ ಖಾಲಿ ಅಂತ ಬರಬಹುದು."

"ಅಂದ್ರೆ ಖಾಲಿ ಅಂತ ಬಂದಿತ್ತು."

ತಾನು ಬಾಯಿಬಿಟ್ಟದ್ದು ಅವನಿಗೆ ತಡವಾಗಿ ಅರ್ಥವಾಯಿತು.

"ಕೆಲವು ತೂತುಗಳಿದ್ವು. ಶ್ರೀಧರನ್ ಸಾರಿಗೆ ಹೇಳಿದೆ. ಅದು ಎಲೆ ಇಲ್ಲದ್ದಕ್ಕೆ, ಅಕ್ಕಪಕ್ಕದ ಮರಗಳ ಎತ್ತರದ ಸರಾಸರಿ ಹಾಕಿ ತುಂಬಿಸು ಅಂದ್ರು. ಅದು ಒಪ್ಪಿತ ಕ್ರಮ, ಮೇಡಂ. ಎಲ್ಲರೂ ಮಾಡ್ತಾರೆ."

"ಎಲೆ ಹದಿನಾಲ್ಕರಲ್ಲಿ ಮಾತ್ರ ಉದುರಿತ್ತಾ?"

"ಅಲ್ಲ. ಎಲ್ಲ ಕಡೆ."

"ಬೇರೆ ಬ್ಲಾಕುಗಳಲ್ಲಿ ತೂತು ಬಂತಾ?"



"ಬರಲಿಲ್ಲ," ಎಂದ ಅನೂಪ್.

"ಅದು ನಿನಗೆ ಅವತ್ತೇ ಹೊಳೆದಿತ್ತು. ಇಷ್ಟು ಓದಿದವನು, ಹೊಳೆಯದೆ ಇರಲ್ಲ. ಆದ್ರೂ ಕೂತಲ್ಲೇ ಇನ್ನೂರ ಹನ್ನೆರಡು ತೇಗದ ಮರ ನೆಟ್ಟೆ. ನೀರಿಲ್ಲ, ಗೊಬ್ಬರ ಇಲ್ಲ, ಬೆರಳಿಗೆ ಮಣ್ಣಿಲ್ಲ. ತೋಪು ದಟ್ಟವಾಯ್ತು, ಬಣ್ಣ ಹಸಿರಾಯ್ತು. ಕೆಂಪು ಬಂದ ಬ್ಲಾಕಿಗೆ ಕಂಪನಿಯವರು ಕಾಲ್ನಡಿಗೆಯಲ್ಲಿ ಹೋಗಿ ಪರಿಶೀಲಿಸಬೇಕು. ಹಸಿರಿಗೆ ಯಾರೂ ಹೋಗೋದಿಲ್ಲ. ಕಳ್ಳನಿಗೆ ಬೇಕಾದ್ದು ಅದೊಂದೇ ಬಣ್ಣ."

"ನನಗೆ ಕಳ್ಳತನ ಅಂತ ಗೊತ್ತಿರಲಿಲ್ಲ."

"ಗೊತ್ತಾಗಬಾರದು ಅಂತ ನೀನೇ ನೋಡ್ಕೊಂಡೆ. ಮುಂದಿನ ವರ್ಷದ ಗುತ್ತಿಗೆಯೂ ಶ್ರೀಧರನ್ ಕೈಲಿತ್ತಲ್ಲ."

ಅನೂಪನ ಕಿವಿ ಕೆಂಪಾಯಿತು. "ನೀವು ಬೈಯೋಕೆ ಬಂದಿದ್ರೆ ಬೈದು ಹೋಗಿ. ಒಂದು ಕಾವಲುಗಾರನ ಸಾವಿಗೆ ನನ್ನ ನಕ್ಷೆ ಹೇಗೆ—"

"ಒಂದು ಕಾವಲುಗಾರ." ವಿಮಲ ಆ ಮಾತನ್ನು ನಿಧಾನವಾಗಿ ಅವನಿಗೇ ತಿರುಗಿಸಿದಳು. "ಅವನ ಹಾಡಿಯ ಇಪ್ಪತ್ತು ಮಕ್ಕಳು ಆ ಬ್ಲಾಕಿನ ಅಂಚಲ್ಲೇ ಶಾಲೆಗೆ ನಡೀತಾರೆ. ಇನ್ನು ಎರಡು ವಾರಕ್ಕೆ ಮಳೆಗಾಲ. ಉಳಿದ ಒಂಟಿ ಮರಗಳು ಹೇಗೆ ನಿಂತಿವೆ ಅಂತ ನಿನಗೇ ಗೊತ್ತು, ಈಗಷ್ಟೇ ಪಾಠ ಹೇಳಿದೆ. ಆ ನಾಲ್ಕು ಸಾಲಿನ ಗೋಡೆಯೂ ಬೀಳುತ್ತೆ. ನಿನ್ನ ಹಸಿರು ನೋಡ್ಕೊಂಡು ಕಂಪನಿ ಆ ದಾರಿ ತೆರೆದಿಟ್ಟಿದೆ."

ಅವನು ಈ ಸಲ ಕನ್ನಡಕ ಮುಟ್ಟಲಿಲ್ಲ. ಮಕ್ಕಳ ವಿಷಯ ಅವನ ನಕ್ಷೆಯ ಯಾವ ಪದರದಲ್ಲೂ ಇರಲಿಲ್ಲ.

"ಈಗ ಎರಡನೇ ಸುಳ್ಳಿಗೆ ಬರೋಣ," ವಿಮಲ ಹೇಳಿದಳು. "ಬಿರುಗಾಳಿಯ ಹಾನಿ ಅಳೆಯೋಕೆ ನೀನು ಡ್ರೋನ್ ಹಾರಿಸಿದ್ದು ಭಾನುವಾರ ಅಂತ ವರದಿಯಲ್ಲಿದೆ."

"ಹೌದು."

"ಶುಕ್ರವಾರ ಬೆಳಿಗ್ಗೆ ಅಮ್ಮಿಣಿ ಗಂಡನನ್ನು ಹುಡುಕ್ಕೊಂಡು ಹೊರಟಾಗ ತಲೆ ಮೇಲೆ ಕಡಜದ ಸದ್ದು ಕೇಳಿದಳಂತೆ. ಇಡೀ ಚೇಕಾಡಿಯಲ್ಲಿ ಡ್ರೋನ್ ಇರೋದು ಒಬ್ಬನ ಹತ್ರ."

ಅನೂಪ್ ಮುಖ ಎರಡೂ ಕೈಯಲ್ಲಿ ಮುಚ್ಚಿಕೊಂಡ. ಅವನು ಅಳುತ್ತಾನೆಂದು ವಿಮಲ ಕಾದಳು. ಅವನು ಅಳಲಿಲ್ಲ. ಕೈ ತೆಗೆದಾಗ ಮುಖದಲ್ಲಿ ಹಿಂದಿನ ಗತ್ತು ಇರಲಿಲ್ಲ, ಅಷ್ಟೇ.

"ಯಾರಿಗೂ ಹೇಳದೆ ಹೋಗಿದ್ದೆ. ಗಾಳಿ ಬಂದ ರಾತ್ರಿ ನಿದ್ದೆ ಬರಲಿಲ್ಲ. ನಕ್ಷೆ ಸರಿಯಾಯ್ತಾ ಅಂತ ನೋಡಬೇಕಿತ್ತು. ಹದಿನಾಲ್ಕು ನೋಡಿದ ಕೂಡಲೇ ಗೊತ್ತಾಯ್ತು, ನಾನು ಕೆಟ್ಟೆ ಅಂತ. ಅದನ್ನು ಬದಿಗಿಟ್ಟು ಭಾನುವಾರ ಶ್ರೀಧರನ್ ಸಾರ್ ಜೊತೆ ಹೋಗಿ ಮತ್ತೆ ಹಾರಿಸಿದೆ."

"ಶುಕ್ರವಾರದ್ದು ಅಳಿಸಿದ್ಯಾ?"

"ಇಲ್ಲ." ಸ್ವಲ್ಪ ತಡೆದು ಹೇಳಿದ, "ಅಳಿಸೋಕೆ ಮನಸ್ಸು ಬರಲಿಲ್ಲ."

ಇಷ್ಟು ಹೊತ್ತಿನಲ್ಲಿ ಅವನು ಆಡಿದ ಮೊದಲ ಮರ್ಯಾದಸ್ಥ ಮಾತು ಅದು ಎಂದು ವಿಮಲಳಿಗೆ ಅನ್ನಿಸಿತು. ಅವಳು ಅದನ್ನು ಮುಖದಲ್ಲಿ ತೋರಿಸಿಕೊಳ್ಳಲಿಲ್ಲ.

ಅನೂಪ್ ಕಂಪ್ಯೂಟರ್ ತಿರುಗಿಸಿದ. ಪರದೆಯ ಮೇಲೆ ಹದಿನಾಲ್ಕನೇ ಬ್ಲಾಕು ಇಡಿಯಾಗಿ ಹರಡಿತು. ನೂರಾರು ಚಿಕ್ಕ ಫೋಟೋಗಳನ್ನು ಒಂದಕ್ಕೊಂದು ಹೊಲಿದು ಮಾಡಿದ ದೊಡ್ಡ ಚಿತ್ರ.

"ಮನುಷ್ಯರು ಯಾರೂ ಇಲ್ಲ," ಎಂದಳು ವಿಮಲ.

"ಇದರಲ್ಲಿ ಇರಲ್ಲ. ಚಲಿಸೋದನ್ನೆಲ್ಲ ಹೊಲಿಗೆ ಅಳಿಸಿಬಿಡ್ತದೆ. ಒಂದು ಫೋಟೋದಲ್ಲಿದ್ದು ಪಕ್ಕದ್ದರಲ್ಲಿ ಇಲ್ಲ ಅಂದ್ರೆ ಅದು ಕಸ ಅಂತ ಲೆಕ್ಕ."

"ಹೊಲಿಯೋ ಮೊದಲಿನ ಫೋಟೋ ತೆಗಿ. ಬಡಗಣ ಅಂಚಿನವು."

ಅವನು ಅವುಗಳನ್ನು ಒಂದೊಂದಾಗಿ ನೋಡೇ ಇರಲಿಲ್ಲ. ನೋಡುವ ಧೈರ್ಯ ಇರಲಿಲ್ಲವೆಂದು ಕಾಣುತ್ತದೆ. ಈಗ ಒಂದರ ಹಿಂದೊಂದು ತೆರೆದ. ಕೆಂಪುಮಣ್ಣು, ಮಲಗಿದ ಕಾಂಡಗಳು, ನೀರು ನಿಂತ ಗುಂಡಿಗಳು. ಎಲ್ಲ ಮರಗಳ ತಲೆ ಮೂಡಲಿಗೆ.

"ನಿಲ್ಲಿಸು."

ಬಡಗಣ ಅಂಚಿನಲ್ಲಿ ಒಂದು ಮರ ಎದ್ದು ನಿಂತಿತ್ತು. ಅದರ ಉದ್ದ ನೆರಳು ಒದ್ದೆ ನೆಲದ ಮೇಲೆ ಬಿದ್ದಿತ್ತು. ಫೋಟೋದ ಮೂಲೆಯಲ್ಲಿ ಸಮಯ, ಶುಕ್ರವಾರ ಬೆಳಿಗ್ಗೆ ಏಳು ಗಂಟೆ ಇಪ್ಪತ್ತೆರಡು ನಿಮಿಷ. ಗುರುವಾರ ಸಂಜೆಯ ಗಾಳಿಗೆ ಬಿದ್ದು ಮನುಷ್ಯನನ್ನು ಕೊಂದಿತೆಂದು ಕಂಪನಿ ಬರೆದುಕೊಟ್ಟ ಮರ.

ಅದರ ಬುಡದಲ್ಲಿ ಖಾಕಿ ಅಂಗಿಯ ಒಬ್ಬ ನಿಂತಿದ್ದ. ಸದ್ದು ಕೇಳಿ ಮುಖ ಮೇಲೆತ್ತಿದ್ದ. ಅನೂಪ್ ಚಿತ್ರವನ್ನು ಹಿಗ್ಗಿಸಿದ. ಮುಖ ಮಸುಕಾಗಿತ್ತು, ಆದರೆ ಕೆನ್ನೆಯ ಬಿಳಿ ಗಡ್ಡ, ಹೆಗಲ ಮೇಲಿನ ಹಳದಿ ತೋರ್ತು ಟವೆಲು ಕಾಣುತ್ತಿದ್ದವು. ಶಂಕರನ್ ಒಂದು ಕೈ ಎತ್ತಿ ಡ್ರೋನ್ ಕಡೆ ಬೀಸುತ್ತಿದ್ದ.

"ಅವನು ಕರೀತಿದ್ದಾನೆ," ಎಂದ ಅನೂಪ್. "ನನ್ನನ್ನು ಕರೀತಿದ್ದ. ನಾನು ಮೇಲಿಂದಲೇ ಹೋಗಿಬಿಟ್ಟೆ."

ವಿಮಲ ಅವನನ್ನು ಸಮಾಧಾನ ಮಾಡಲಿಲ್ಲ. ಫೋನ್ ತೆಗೆದು ವಿಜಯನ್‌ಗೆ ಕರೆ ಮಾಡಿದಳು. ಠಾಣೆಯಲ್ಲಿ ಹೇಳಿಕೆ ಬರೆಸಲೆಂದು ಅಮ್ಮಿಣಿಯನ್ನು ಜೀಪಿನಲ್ಲೇ ಕರೆತಂದಿದ್ದರು, ಇಬ್ಬರೂ ಕೆಳಗೆ ಕಾಯುತ್ತಿದ್ದರು. ಗಂಡನ ಗುರುತು ಅವಳೇ ಹೇಳಬೇಕು.

"ವಿಜಯಾ, ಅಮ್ಮಿಣೀನ ಮೇಲೆ ಕರ್ಕೊಂಡು ಬಾ. ಶಂಕರನ್ ಶುಕ್ರವಾರ ಬೆಳಿಗ್ಗೆ ಜೀವಂತ ಇದ್ದ, ಫೋಟೋ ಸಿಕ್ಕಿದೆ."

ಅತ್ತ ಕಡೆಯಿಂದ "ಶರಿ ಮೇಡಂ," ಎಂದು ಕರೆ ಕಡಿಯಿತು.

ಅನಂತರ ತೋಪಿನ ಕಚೇರಿಗೆ. ರೇಷ್ಮ ಎತ್ತಿದಳು.

"ವಿಧಿವಿಜ್ಞಾನದವರು ಮೂರಕ್ಕೆ ಬರ್ತಾರೆ. ಆ ಮರದ ಹತ್ತಿರ ಒಬ್ಬರನ್ನು ಕಾವಲು ನಿಲ್ಲಿಸಿ."

"ಯಾವ ಮರ, ಮೇಡಂ?" ರೇಷ್ಮ ಮಲಯಾಳದಲ್ಲಿ ಕೇಳಿದಳು. "ಅದು ಹನ್ನೊಂದಕ್ಕೇ ಹೋಯ್ತಲ್ಲ. ಜೆಸಿಬಿ ಬಂದು ಬೇರುಸಮೇತ ಎತ್ತಿ, ತುಂಡು ಮಾಡಿ ಲಾರಿಗೆ ಹಾಕಿದ್ರು."

"ಮುಟ್ಟಬೇಡಿ ಅಂತ ನಾನು ಬೆಳಿಗ್ಗೆ ಹೇಳಿರಲಿಲ್ವಾ?"

"ನಾನೂ ಅದನ್ನೇ ಹೇಳಿದೆ. ಬಾಯಲ್ಲಿ ಹೇಳಿದ್ದಕ್ಕಿಂತ ಬರೆದುಕೊಟ್ಟದ್ದು ದೊಡ್ಡದು ಅಂತ ಶ್ರೀಧರನ್ ಸಾರ್ ಹೇಳಿದ್ರು. ಮರ ಸಾಗಿಸೋಕೆ ಪೊಲೀಸ್ ಆಕ್ಷೇಪ ಇಲ್ಲ ಅಂತ ನಿಮ್ಮದೇ ಪತ್ರ ಇದೆ. ಕಳಿಸ್ಲಾ?"

ಪತ್ರ ಫೋನಿಗೆ ಬಂತು. ತನಿಖೆ ಮುಗಿದಿರುವುದರಿಂದ ಎಂದು ಶುರುವಾಗಿತ್ತು. ಠಾಣೆಯ ಮೊಹರು. ಕೆಳಗೆ ಸಹಿ.

ಅದು ನಕಲಿ ಸಹಿಯಲ್ಲ. ಕೊನೆಯ ಅಕ್ಷರವನ್ನು ಅಸಡ್ಡೆಯಿಂದ ಎಳೆದುಬಿಡುವ ಅವಳದೇ ಕೈ. ನಿನ್ನೆ ಸಂಜೆ ಹೊರಡುವ ಗಡಿಬಿಡಿಯಲ್ಲಿ ವಿಜಯನ್ ಒಂದು ಕಟ್ಟು ಕಾಗದ ಹಿಡಿದಿದ್ದ. ಜೀಪಿನ ಬಾನೆಟ್ಟಿನ ಮೇಲೆಯೇ ಒಂದಾದ ಮೇಲೊಂದಕ್ಕೆ ಸಹಿ ಹಾಕಿದ್ದಳು. ಗುಮಾಸ್ತರು ಬರೆಯುವ ಕಾಗದಗಳನ್ನು ಓದುತ್ತಾ ಕೂರುವುದು ತನ್ನ ಕೆಲಸವಲ್ಲ ಎಂದು ಅವಳು ವರ್ಷಗಳಿಂದ ನಂಬಿಕೊಂಡು ಬಂದಿದ್ದಳು.

"ಏನಾಯ್ತು?" ಎಂದ ಅನೂಪ್.

ಅವಳು ಫೋನನ್ನು ಅವನಿಗೆ ತೋರಿಸಿದಳು. ಯಾಕೆ ತೋರಿಸಿದಳೆಂದು ಅವಳಿಗೇ ತಿಳಿಯಲಿಲ್ಲ. ಅವನು ಓದಿದ, ಸಹಿ ನೋಡಿದ, ಅವಳ ಮುಖ ನೋಡಿದ.

"ನೋಡದೆ ಹಾಕಿದ್ರಾ?"

ಅವನ ದನಿಯಲ್ಲಿ ವ್ಯಂಗ್ಯವಿರಲಿಲ್ಲ. ಇದ್ದಿದ್ದರೆ ಅವಳಿಗೆ ಸುಲಭವಾಗುತ್ತಿತ್ತು. ಅರ್ಧ ಗಂಟೆಯಿಂದ ಅವನ ಮೇಲೆ ಸುರಿದ ಒಂದೊಂದು ಮಾತೂ ಈಗ ಅವಳ ಎದುರು ಬಂದು ನಿಂತಿತು. ಮರ ಹೋಯಿತು, ಹಗ್ಗದ ಗುರುತು ಹೋಯಿತು, ಕಡಿದ ಬೇರು ಹೋಯಿತು. ಉಳಿದದ್ದು ಅವಳ ಫೋನಿನ ನಾಲ್ಕು ಫೋಟೋ. ಮತ್ತೆ, ತನ್ನನ್ನು ಬಿಟ್ಟರೆ ಅದನ್ನೆಲ್ಲ ಕಣ್ಣಾರೆ ನೋಡಿ ಕೋರ್ಟಿನಲ್ಲಿ ಹೇಳಬಲ್ಲ ಒಬ್ಬಳೇ ಒಬ್ಬಳು, ಅಮ್ಮಿಣಿ.

ಅವಳನ್ನು ಮೇಲೆ ಕರೆತರಬೇಕಿದ್ದವನು ಅದೇ ವಿಜಯನ್. ಮೆಟ್ಟಿಲ ಮೇಲೆ ಹೆಜ್ಜೆಯ ಸದ್ದು ಇನ್ನೂ ಕೇಳಿರಲಿಲ್ಲ.

ವಿಮಲ ಎದ್ದಳು. "ಆ ಫೋಟೋಗಳನ್ನು ಎರಡು ಕಡೆ ಉಳಿಸು. ಬಾಗಿಲು ಹಾಕ್ಕೋ. ನಾನು ಬರೋ ತನಕ ಯಾರಿಗೂ ತೆಗೀಬೇಡ. ಪೊಲೀಸರು ಅಂದ್ರೂ ತೆಗೀಬೇಡ."

ಎರಡೆರಡು ಮೆಟ್ಟಿಲು ಹಾರಿ ಕೆಳಗೆ ಬಂದಳು. ಹೆದ್ದಾರಿಯ ಅಂಚಿನಲ್ಲಿ ಜೀಪು ನಿಂತಿದ್ದ ಜಾಗದಲ್ಲಿ ಎಣ್ಣೆಯ ಎರಡು ಹನಿ ಮಾತ್ರ ಇತ್ತು. ವಿಜಯನ್ ಫೋನ್ ಸ್ವಿಚ್ ಆಫ್ ಆಗಿತ್ತು.

ಷಿಬು ಅಂಗಡಿಯ ಬಾಗಿಲಲ್ಲಿ ನಿಂತು ಚೀಲ ಎಣಿಸುತ್ತಿದ್ದ.

"ಜೀಪು ಎಲ್ಲಿ?"

"ಈಗ ತಾನೇ ಹೋಯ್ತಲ್ಲ ಮೇಡಂ, ಮುತ್ತಂಗದ ಕಾಡಿನ ಕಡೆಗೆ." ಅವನು ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು, ಹೇಳಲೋ ಬೇಡವೋ ಎಂಬಂತೆ ಅವಳನ್ನು ನೋಡಿದ. "ಹಿಂದೆ ಕೂತಿದ್ದ ಆ ಹೆಂಗಸು, ಆ ಚೇಚಿ, ಇಳೀತೀನಿ, ಇಳೀತೀನಿ ಅಂತ ಗಾಜು ಬಡೀತಿದ್ರು. ಪೊಲೀಸ್ ಜೀಪಲ್ವಾ, ನಮಗ್ಯಾಕೆ ಅಂತ ನಾನು ಸುಮ್ನಾದೆ."